ಎಚ್ಚರದ ಕೈ ಇದ್ದರೆ ಸಾಕೇ?

ಬಂಡೆ ಹತ್ತುವ ಕ್ಲಬ್ಬುಗಳಲ್ಲಿ ಬಿಲೇ ಮಾಡುವವರೆಲ್ಲ, ಅಂದರೆ ಕೆಳಗೆ ನಿಂತು ಹತ್ತುವವನ ಹಗ್ಗ ಹಿಡಿಯುವವರೆಲ್ಲ, ಜಗ್ಗಿದಾಗ ಹಗ್ಗ ಕಚ್ಚಿಹಿಡಿಯುವ ಸಾಧನವನ್ನೇ ಬಳಸಬೇಕು ಎಂದು ನಾನು ವಾದಿಸುತ್ತ ಬಂದಿದ್ದೇನೆ. ಗ್ರಿಗ್ರಿ, ಸ್ಮಾರ್ಟ್, ಮೆಗಾ ಜುಲ್, ಕ್ಲಿಕ್‌ಅಪ್ ಇಂಥವು. ಇದನ್ನು ವಿರೋಧಿಸುವವರಲ್ಲಿ ನಾನು ಗೌರವಿಸುವ ಹಿರಿಯ ಆರೋಹಿಗಳೇ ಹೆಚ್ಚು. ಹಾಗೆ ಕಚ್ಚದ, ಎಟಿಸಿಯಂಥ ಬರಿಯ ಟ್ಯೂಬ್ ಸಾಧನ ಹಿಡಿದೇ ಸಾವನದುರ್ಗದ ಉದ್ದುದ್ದ ದಾರಿಗಳಲ್ಲಿ ಜೊತೆಗಾರರನ್ನು ಕಾಪಾಡಿದವರು ಅವರು. ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಹಾಗಾಗಿ ಒಂದೊಂದಕ್ಕೂ ಉತ್ತರ ಕೊಡುತ್ತೇನೆ.

ಎಲ್ಲರೂ ಮೊದಲು ಹೇಳುವುದು: ಗಮನವಿಟ್ಟು ಹಗ್ಗ ಹಿಡಿದವನಿಗೆ ಇನ್ನೊಂದು ಕಾವಲು ಬೇಕಿಲ್ಲ, ಗಮನವಿಲ್ಲದವನು ಬಿಲೇಗೆ ನಿಲ್ಲಲೇಬಾರದು. ಎರಡನೆಯ ಮಾತನ್ನು ಪೂರ್ತಿ ಒಪ್ಪುತ್ತೇನೆ. ಮೊದಲನೆಯದು ನಮ್ಮ ಬಂಡೆಗಳ ಬುಡದಲ್ಲಿ ನಿಂತವರು ಹೇಳುವ ಮಾತಲ್ಲ. ರಾಮನಗರದಲ್ಲಾಗಲಿ ಸಾವನದುರ್ಗದಲ್ಲಾಗಲಿ ತಲೆಯೆತ್ತಿ ನೋಡಿದರೆ ಬಂಡೆಯ ಚಾಚಿನ ಕೆಳಗೆ ಹೆಜ್ಜೇನಿನ ತಟ್ಟಿಗಳು ಕಾಣುತ್ತವೆ. ಅವು ಎದ್ದರೆ ಮುಖಕ್ಕೂ ಕಿವಿಗೂ ಮುತ್ತುತ್ತವೆ. ಆಗ ಕೈ ಮುಖಕ್ಕೆ ಹೋಗುವುದು ನಿರ್ಲಕ್ಷ್ಯವಲ್ಲ, ಅದು ಮೈಯ ಸ್ವಭಾವ. ಬಾದಾಮಿಯ ಮರಳುಗಲ್ಲಿನಲ್ಲಿ ಹಿಡಿಕೆಯ ಚೂರೊಂದು ಕಿತ್ತು ಬಂದರೆ ಬೀಳುವವನೂ ಕಲ್ಲೂ ಒಂದೇ ಕ್ಷಣದಲ್ಲಿ ಕೆಳಗೆ ಬರುತ್ತಾರೆ. ಕಲ್ಲು ಬಿಲೇಯರ್‌ನ ಭುಜಕ್ಕೋ ಹೆಲ್ಮೆಟ್ಟಿಗೋ ಬಡಿಯುವ ಹೊತ್ತಿಗೇ ಹಗ್ಗಕ್ಕೆ ಭಾರ ಬಿದ್ದಿರುತ್ತದೆ. ಬಿಸಿಲಿಗೆ ತಲೆ ಸುತ್ತಿ ಬೀಳುವವರೂ ಇದ್ದಾರೆ. ಇಂಥ ಹೊತ್ತಿನಲ್ಲಿ ಟ್ಯೂಬ್ ಬರಿಯ ಒಂದು ತೂತು; ಹಿಡಿದ ಕೈ ಹೋದರೆ ಹಗ್ಗ ಅದರೊಳಗಿಂದ ಸರಸರನೆ ಹರಿದುಹೋಗುತ್ತದೆ. ಗ್ರಿಗ್ರಿಯೊಳಗಿನ ಕ್ಯಾಮ್ ಕಾರಿನ ಸೀಟ್ ಬೆಲ್ಟಿನ ಹಾಗೆ: ಮೆಲ್ಲಗೆ ಎಳೆದರೆ ಹಗ್ಗ ಬಿಡುತ್ತದೆ, ಜಗ್ಗಿದರೆ ತಿರುಗಿ ಹಗ್ಗವನ್ನು ಅದುಮುತ್ತದೆ. ಎಚ್ಚರದ ಮನುಷ್ಯನಿಗೂ ಅವನ ಕೈಮೀರಿದ ಕ್ಷಣ ಬರುತ್ತದೆ ಎಂಬುದಷ್ಟೇ ನನ್ನ ವಾದ.

ಇನ್ನು ಕೆಲವರು ಹೇಳುವುದು, ಸಾಧನ ಬಂದರೆ ಜನ ಹಗ್ಗ ಬಿಟ್ಟು ಹರಟೆಗೆ ಕೂರುತ್ತಾರೆ ಎಂದು. ಹೌದು, ಅಂಥವರನ್ನು ನಾನೂ ಕಂಡಿದ್ದೇನೆ, ಕಂಡಾಗ ಸಿಟ್ಟೂ ಬಂದಿದೆ. ‘ಇದು ಆಟೋಮ್ಯಾಟಿಕ್, ಕೈ ಬಿಟ್ಟರೂ ನಡೆಯುತ್ತದೆ’ ಎಂದು ಹೊಸಬರಿಗೆ ಹೇಳಿಕೊಡುವವರು ನನ್ನ ಪಕ್ಷದವರಲ್ಲ. 2012ರ ಯುರೋಪಿನ ಮಾನದಂಡ ಇಎನ್ 15151 ಕೂಡ ಗ್ರಿಗ್ರಿಯಂಥವನ್ನು ಕೈಯ ನೆರವಿನಿಂದ ಲಾಕ್ ಆಗುವ ಸಾಧನಗಳ ಸಾಲಿಗೇ ಸೇರಿಸಿದೆ. ತಯಾರಕರ ಕೈಪಿಡಿಗಳೂ ಬ್ರೇಕ್ ಹಗ್ಗದಿಂದ ಕೈ ತೆಗೆಯಬೇಡಿ ಎಂದೇ ಹೇಳುತ್ತವೆ. ಹಗ್ಗವನ್ನು ತಿರುಗುಮುರುಗಾಗಿ ಹಾಕಿದರೆ ಕ್ಯಾಮ್ ಕಚ್ಚುವುದೇ ಇಲ್ಲ. ಆದ್ದರಿಂದ ಪ್ರತಿಸಲವೂ ಹತ್ತುವ ಮುಂಚೆ ಆರೋಹಿಯ ಕಡೆಯ ಹಗ್ಗವನ್ನು ಒಮ್ಮೆ ಬಲವಾಗಿ ಜಗ್ಗಿ, ಲಾಕ್ ಆಯಿತೇ ಎಂದು ಇಬ್ಬರೂ ನೋಡಬೇಕು. ಆದರೆ ಕೆಲವರು ತಪ್ಪಾಗಿ ಬಳಸುತ್ತಾರೆ ಎಂಬುದು ಸರಿಯಾಗಿ ಕಲಿಸಬೇಕು ಎನ್ನುವುದಕ್ಕೆ ಕಾರಣ, ಸಾಧನವೇ ಬೇಡ ಎನ್ನುವುದಕ್ಕಲ್ಲ. ಟ್ಯೂಬ್ ಹಿಡಿದು ಹರಟುವವರೂ ಇದ್ದಾರಲ್ಲ!

ಲೀಡ್ ಹತ್ತುವವರ, ಅಂದರೆ ಹಗ್ಗವನ್ನು ಬೋಲ್ಟಿನಿಂದ ಬೋಲ್ಟಿಗೆ ಕ್ಲಿಪ್ ಮಾಡುತ್ತ ಮೇಲೇರುವವರ ದೂರು ಬೇರೆ: ಕ್ಲಿಪ್ ಮಾಡಲೆಂದು ಹಗ್ಗ ಎಳೆದುಕೊಂಡ ಕ್ಷಣದಲ್ಲೇ ಗ್ರಿಗ್ರಿ ಕಚ್ಚಿಕೊಂಡು, ಮೇಲಿದ್ದವನನ್ನು ಅರ್ಧದಲ್ಲಿ ಜಗ್ಗುತ್ತದೆ. ಇದು ನಿಜವಾದ ತೊಂದರೆ. ಇದಕ್ಕೆ ಬಹುಮಂದಿ ಕಂಡುಕೊಂಡ ಪರಿಹಾರವೋ ಅದಕ್ಕಿಂತ ಅಪಾಯದ್ದು: ಇಡೀ ಅಂಗೈಯಲ್ಲಿ ಸಾಧನವನ್ನು ಮುಚ್ಚಿ ಹಿಡಿದು ಕ್ಯಾಮ್ ಅಲುಗದಂತೆ ಮಾಡುವುದು. ಆಗ ಬಿದ್ದವನಿಗೆ ಬ್ರೇಕೇ ಇಲ್ಲ. ಸರಿಯಾದ ಕ್ರಮ ಹೀಗಿದೆ. ಸಾಮಾನ್ಯವಾಗಿ ಟ್ಯೂಬಿನಲ್ಲಿ ಮಾಡಿದಂತೆಯೇ ಬಲಗೈ ಹಗ್ಗವನ್ನು ಒಳಕ್ಕೆ ತಳ್ಳಬೇಕು, ಎಡಗೈ ಮೇಲಕ್ಕೆ ಎಳೆಯಬೇಕು, ಜೊತೆಗೆ ಬಂಡೆಯತ್ತ ಒಂದು ಹೆಜ್ಜೆ. ಬಹುಪಾಲು ಕ್ಲಿಪ್ಪಿಗೆ ಇಷ್ಟೇ ಸಾಕು. ಅವಸರವಾಗಿ ಹೆಚ್ಚು ಹಗ್ಗ ಬೇಕಾದರೆ ಮಾತ್ರ ಬಲಗೈಯ ತೋರುಬೆರಳನ್ನು ಸಾಧನದ ಪಕ್ಕದ ಮಡಿಕೆಯಂಚಿನ ಕೆಳಗೆ ಕೊಟ್ಟು, ಹೆಬ್ಬೆರಳಿನಿಂದ ಕ್ಯಾಮ್ ಒತ್ತಬೇಕು. ಉಳಿದ ಮೂರು ಬೆರಳು ಹಗ್ಗವನ್ನು ಬಿಡುವಂತಿಲ್ಲ. ಹಗ್ಗ ಕೊಟ್ಟ ಮರುಕ್ಷಣ ಹೆಬ್ಬೆರಳು ತೆಗೆದು ಕೈ ಕೆಳಕ್ಕೆ ಬರಬೇಕು. ಬೋಲ್ಟ್ ಒಂದೇ ಇರುವ ನೆಲಮಟ್ಟದ ಗೋಡೆಯ ಬಳಿ ಇದನ್ನು ಮತ್ತೆ ಮತ್ತೆ ಮಾಡಿ ರೂಢಿಸಿಕೊಂಡವರ ಮೇಲೆ ಯಾವ ಲೀಡರ್ ಕೂಡ ದೂರು ಹೇಳುವುದನ್ನು ನಾನು ಕೇಳಿಲ್ಲ.

ಬೀಳುವಾಗ ಹೊಡೆತ ಗಟ್ಟಿ ಎನ್ನುತ್ತಾರೆ. ಅದರಲ್ಲಿ ಸ್ವಲ್ಪ ಸತ್ಯವಿದೆ. ಟ್ಯೂಬಿನಲ್ಲಿ ಹಗ್ಗ ತುಸು ಜಾರುತ್ತದೆ, ಗ್ರಿಗ್ರಿಯಲ್ಲಿ ಅಷ್ಟು ಜಾರುವುದಿಲ್ಲ. ಬಾದಾಮಿಯ ನೇರ ಗೋಡೆಯಲ್ಲಿ ಬಿಗಿಯಾಗಿ ಹಿಡಿದರೆ ಬಿದ್ದವನು ಬಂಡೆಗೆ ಬಡಿದು ಕಾಲಿನ ಗಂಟು ಹೋಗಬಹುದು. ಆದರೆ ಮೆತ್ತಗೆ ಹಿಡಿಯುವುದು ಮುಖ್ಯವಾಗಿ ಮೈಯ ಕೆಲಸ: ಭಾರ ಬೀಳುವ ಕ್ಷಣಕ್ಕೆ ಸಣ್ಣಗೆ ಜಿಗಿದರೆ, ಹಗ್ಗ ಬಿಲೇಯರ್‌ನನ್ನು ತನ್ನ ಜೊತೆ ಒಂದಿಷ್ಟು ಮೇಲೆತ್ತಿಕೊಳ್ಳುತ್ತದೆ, ಹೊಡೆತ ಮೆತ್ತಗಾಗುತ್ತದೆ. ಬೋಲ್ಟಿಲ್ಲದ ಬಿರುಕಿನಲ್ಲಿ ಸಿಕ್ಕಿಸಿದ ಸಣ್ಣ ನಟ್‌ಗಳನ್ನು ನಂಬಿ ಹತ್ತುವಾಗ ಮಾತ್ರ ಹಿರಿಯರ ಆಕ್ಷೇಪಕ್ಕೆ ನಾನು ತಲೆಬಾಗುತ್ತೇನೆ. ಅಲ್ಲಿ ಹೊಡೆತ ಮೆತ್ತಗಿರಬೇಕು, ಅನುಭವಿಗಳ ಕೈಯಲ್ಲಿ ಟ್ಯೂಬೇ ಇರಲಿ.

ಬೆಲೆಯ ಮಾತು ಬಡ ಕ್ಲಬ್ಬುಗಳಿಂದ ಬರುತ್ತದೆ, ಅದು ನ್ಯಾಯವೂ ಹೌದು. ಗ್ರಿಗ್ರಿಗೆ ಟ್ಯೂಬಿನ ಹಲವು ಪಟ್ಟು ಕೊಡಬೇಕು. ಹಾಗೆಂದು ಗ್ರಿಗ್ರಿಯೊಂದೇ ದಾರಿಯಲ್ಲ. ಕ್ಯಾಮ್ ಇಲ್ಲದ ಸ್ಮಾರ್ಟ್, ಮೆಗಾ ಜುಲ್‌ನಂಥವು ಹಗುರ, ಬೆಲೆಯೂ ಕಡಿಮೆ. ಜಗ್ಗಿದಾಗ ಕ್ಯಾರಬೀನರ್ ಸರಿದು ಹಗ್ಗವನ್ನು ಇರುಕಿಸುತ್ತದೆ. ಮೆಗಾ ಜುಲ್ ಎರಡು ಎಳೆಯ ಹಗ್ಗಕ್ಕೂ ಆಗುವುದರಿಂದ ಸಾವನದುರ್ಗದಿಂದ ರ್‍ಯಾಪೆಲ್ ಮಾಡಿ ಇಳಿಯಲೂ ಬಳಸಬಹುದು. ಗ್ರಿಗ್ರಿ ಒಂಟಿ ಹಗ್ಗದ್ದು, ಅದನ್ನು ಒಯ್ಯುವವರ ಹಾರ್ನೆಸ್ಸಿನಲ್ಲಿ ಒಂದು ಟ್ಯೂಬ್ ಇರಲೇಬೇಕು. ಸ್ಮಾರ್ಟ್, ಮೆಗಾ ಜುಲ್‌ನಂಥವಕ್ಕೆ ಕ್ಯಾರಬೀನರ್ ಮಾತ್ರ ತಯಾರಕರು ಹೇಳಿದ ಆಕಾರದ್ದೇ ಆಗಬೇಕು, ಇಲ್ಲದಿದ್ದರೆ ಇರುಕುವುದು ನಿಲ್ಲುತ್ತದೆ.

ಕೊಳ್ಳುವ ಮೊದಲು ನಿಮ್ಮ ಹಗ್ಗದ ದಪ್ಪ ನೋಡಿ. 2011ರ ಗ್ರಿಗ್ರಿ 2ರ ಮಿತಿ 8.9ರಿಂದ 11 ಮಿ.ಮೀ., 2019ರ ಗ್ರಿಗ್ರಿಯದು 8.5ರಿಂದ 11. ನಮ್ಮ ಕ್ಲಬ್ಬುಗಳ ಹಳೆಯ ಹಗ್ಗಗಳು ಮಣ್ಣು ಕುಡಿದು ಉಬ್ಬಿ, ಪಟ್ಟಿಯಲ್ಲಿ 10.5 ಎಂದಿದ್ದರೂ ಅದಕ್ಕಿಂತ ದಪ್ಪವಾಗಿ ವರ್ತಿಸುತ್ತವೆ. ಅಂಥ ಹಗ್ಗ ಯಾವ ಸಾಧನದಲ್ಲೂ ಸಲೀಸಾಗಿ ಓಡದು. ಗ್ರಿಗ್ರಿ ಜಗ್ಗುತ್ತದೆ ಎಂಬ ಅರ್ಧದಷ್ಟು ದೂರು ಇಂಥ ಹಗ್ಗಗಳದ್ದೇ. ಹೊಸಬರು ಇಳಿಸುವಾಗ ಗಾಬರಿಯಿಂದ ಗ್ರಿಗ್ರಿಯ ಹಿಡಿಕೆಯನ್ನು ಪೂರ್ತಿ ಎಳೆದುಬಿಡುತ್ತಾರೆ ಎಂಬ ಭಯವಿದ್ದರೆ 2017ರ ಗ್ರಿಗ್ರಿ ಪ್ಲಸ್ ಇದೆ. ಅತಿಯಾಗಿ ಎಳೆದರೆ ಅದು ನಿಂತುಬಿಡುತ್ತದೆ. ಹಗ್ಗದ ತುದಿಗೆ ಗಂಟು ಹಾಕುವುದನ್ನು ಮಾತ್ರ ಯಾವ ಸಾಧನವೂ ನಿಮ್ಮ ಪರವಾಗಿ ಮಾಡದು.

ಮೊದಲು ಟ್ಯೂಬಿನಲ್ಲೇ ಕಲಿಯಲಿ ಎನ್ನುವವರೇ, ಕಲಿಸಿ, ನನ್ನ ತಕರಾರಿಲ್ಲ. ಆದರೆ ಕಲಿಯುವವನ ಹಿಂದೆ ಇನ್ನೊಬ್ಬ ಹಗ್ಗ ಹಿಡಿದು ನಿಂತಿರಲಿ. ಜೊತೆಗೆ ಒಂದು ಕೇಳಿಕೆ: ಮಳೆ ನಿಂತು ಬಾದಾಮಿಯ ಹಂಗಾಮು ಶುರುವಾಗುವ ಮೊದಲೇ ನಿಮ್ಮ ಕ್ಲಬ್ಬಿನ ಲೀಡ್ ಬಿಲೇಗೆ ಇಂಥದ್ದೊಂದು ಸಾಧನವನ್ನು ಕಡ್ಡಾಯ ಮಾಡಿ, ಅದನ್ನು ನೆಲದ ಮೇಲೆಯೇ ಎಲ್ಲರಿಗೂ ಅಭ್ಯಾಸ ಮಾಡಿಸಿ.