ಬಚ್ಚಲಲ್ಲಿ ಜಾರಿ ಬಿದ್ದದ್ದಲ್ಲ

ಆಸ್ಪತ್ರೆಯ ಚೀಟಿಗಳನ್ನು ನಂಬುವುದಾದರೆ ನಮ್ಮ ಹೆಣ್ಣುಮಕ್ಕಳು ಸದಾ ಬಚ್ಚಲಲ್ಲಿ ಜಾರುತ್ತಾರೆ, ಮೆಟ್ಟಿಲಿನಿಂದ ಉರುಳುತ್ತಾರೆ. ಬಾಯಿ ಊದಿಸಿಕೊಂಡು, ಅಲುಗುವ ಹಲ್ಲಿನೊಂದಿಗೆ ಬಂದವಳ ಪಕ್ಕದಲ್ಲಿ ಹೊಡೆದವನೋ ಅವನ ತಾಯಿಯೋ ನಿಂತಿರುತ್ತಾರೆ. ವೈದ್ಯರು ಕೇಳಿದ್ದಕ್ಕೆ ಉತ್ತರ ಅವರದೇ. ಅವಳಿಗೋ ಬಾಯಿ ತೆರೆಯಲೂ ಆಗುವುದಿಲ್ಲ. ದವಡೆಗೆ ಬಿದ್ದ ಪೆಟ್ಟು ನೋವನ್ನೂ ಕೊಡುತ್ತದೆ, ಆ ನೋವನ್ನು ಹೇಳುವ ದಾರಿಯನ್ನೂ ಮುಚ್ಚುತ್ತದೆ.

ಇದನ್ನು ನಾನು ದೂರ ನಿಂತು ಬರೆಯುತ್ತಿಲ್ಲ. ಹನ್ನೊಂದು ವರ್ಷಗಳ ಹಿಂದೆ, ತವರಿನಿಂದ ಇನ್ನೂ ಬಾಕಿ ಇದೆ ಎಂದು ಅವರು ಹೇಳುತ್ತಿದ್ದ ಹಣದ ಮಾತೆದ್ದ ಒಂದು ರಾತ್ರಿ ನನ್ನ ಕೆಳದವಡೆ ಮುರಿಯಿತು. ಖಾಸಗಿ ಆಸ್ಪತ್ರೆಯೊಂದರಲ್ಲಿ ಅತ್ತೆ 'ಬಚ್ಚಲಲ್ಲಿ ಜಾರಿದಳು' ಎಂದರು, ಚೀಟಿಯಲ್ಲಿ ಹಾಗೆಯೇ ಬರೆಯಲಾಯಿತು. ನನ್ನನ್ನು ಒಬ್ಬಳನ್ನೇ ಕೂರಿಸಿ ಯಾರೂ ಕೇಳಲಿಲ್ಲ. ದವಡೆಯ ಎಕ್ಸ್‌ರೇ ತೆಗೆಯಲಿಲ್ಲ. ನೋವಿನ ಮಾತ್ರೆ ಕೊಟ್ಟು ಕಳುಹಿಸಿದರು. ಮೂಳೆ ತನ್ನಷ್ಟಕ್ಕೆ ತಾನು ಕೂಡಿಕೊಂಡಿತು, ಆದರೆ ಸೊಟ್ಟಗೆ.

ಸೊಟ್ಟಗೆ ಕೂಡಿದರೆ ಏನಾಗುತ್ತದೆ? ಗದ್ದ ಒಂದು ಕಡೆಗೆ ವಾಲುತ್ತದೆ, ಅದು ಎಲ್ಲರ ಕಣ್ಣಿಗೂ ಕಾಣುತ್ತದೆ. ಕಾಣದ್ದು ಬಾಯೊಳಗಿರುತ್ತದೆ. ನನ್ನ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುತ್ತಿದ್ದುದು ಬಲಗಡೆ ಹಿಂದಿನ ಎರಡು ಕಡೆ ಮಾತ್ರ. ರೊಟ್ಟಿ ಕಚ್ಚಲಾಗುತ್ತಿರಲಿಲ್ಲ. ಸಂಕ್ರಾಂತಿಯ ಎಳ್ಳುಬೆಲ್ಲದ ಕೊಬ್ಬರಿ ಚೂರು ಅಗಿಯಲಾಗುತ್ತಿರಲಿಲ್ಲ. ಮುದ್ದೆಯನ್ನು ನಾವು ನುಂಗುತ್ತೇವೆಯೇ ಹೊರತು ಅಗಿಯುವುದಿಲ್ಲವಲ್ಲ, ಆ ಮುದ್ದೆಯೇ ನನ್ನ ಹೊಟ್ಟೆ ತುಂಬಿಸಿತು. 'ಸ', 'ಶ' ಅಕ್ಷರಗಳು ಗಾಳಿಯಾಗಿ ಹೋಗುತ್ತಿದ್ದವು. ಒಂದೇ ಕಡೆ ಅಗಿದು ಅಗಿದು ಕಿವಿಯ ಮುಂದಿನ ಕೀಲು ನೋಯುತ್ತಿತ್ತು.

ಇಷ್ಟು ವರ್ಷಗಳ ಮೇಲೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುತ್ತೇನೆ ಎಂದಾಗ ನನಗೆ ಕೇಳಿಬಂದ ಪ್ರಶ್ನೆ ಒಂದೇ: 'ಈ ವಯಸ್ಸಿನಲ್ಲಿ ಮುಖ ಚೆಂದ ಮಾಡಿಸಿಕೊಂಡು ಯಾರಿಗೆ ತೋರಿಸಬೇಕು?' ನಮ್ಮ ಸಮಾಜಕ್ಕೆ ಹೆಣ್ಣಿನ ದವಡೆ ನೆನಪಾಗುವುದು ಹೆಣ್ಣು ನೋಡುವ ದಿನ ಮಾತ್ರ. ಹುಟ್ಟಿನಿಂದಲೇ ಗದ್ದ ಮುಂದೆ ಚಾಚಿದ ಹುಡುಗಿಯಾದರೆ ಅದಕ್ಕೂ ಒಂದು ಬೆಲೆ ಕಟ್ಟಿ ವರದಕ್ಷಿಣೆಗೆ ಸೇರಿಸುತ್ತಾರೆ. ದವಡೆ ಇರುವುದು ಉಣ್ಣುವುದಕ್ಕೆ, ಮಾತಾಡುವುದಕ್ಕೆ. ಅವೆರಡೂ ಸರಿಯಾಗಿ ಆಗಬೇಕೆಂದು ಕೇಳುವುದು ಶೋಕಿಯಲ್ಲ.

ಈ ಚಿಕಿತ್ಸೆ ಒಂದು ದಿನದ ಕೆಲಸವಲ್ಲ. ಮೊದಲು ಹಲ್ಲಿಗೆ ತಂತಿ ಹಾಕಿ, ದವಡೆಯನ್ನು ಸರಿಸಿದ ಮೇಲೆ ಹಲ್ಲುಗಳು ಒಂದಕ್ಕೊಂದು ಕೂರುವಂತೆ ಅಣಿಗೊಳಿಸುತ್ತಾರೆ. ನನಗೆ ಇದಕ್ಕೇ ಹದಿನಾಲ್ಕು ತಿಂಗಳು ಹಿಡಿಯಿತು. ಆಮೇಲೆ ಪೂರ್ತಿ ಅರಿವಳಿಕೆ ಕೊಟ್ಟು, ಉಸಿರಾಟದ ಕೊಳವೆಯನ್ನು ಮೂಗಿನಿಂದ ಇಳಿಸಿ, ಬಾಯೊಳಗಿನಿಂದಲೇ ಮೂಳೆಯನ್ನು ಕೊಯ್ದು, ನೇರ ಮಾಡಿ, ಟೈಟಾನಿಯಂ ಲೋಹದ ಪುಟ್ಟ ಪಟ್ಟಿ ಮತ್ತು ತಿರುಪುಗಳಿಂದ ಬಿಗಿಯುತ್ತಾರೆ. ಕೆಳದವಡೆಯನ್ನು ಹೀಗೆ ಬಾಯೊಳಗಿನಿಂದ ಸೀಳಿ ಸರಿಸುವ ವಿಧಾನವನ್ನು ಟ್ರೌನರ್ ಮತ್ತು ಓಬ್ವೆಗೇಸರ್ ಎಂಬ ವೈದ್ಯರು 1957ರಲ್ಲಿ ವೈದ್ಯಲೋಕದ ಮುಂದಿಟ್ಟರು. ಹೊರಗೆ ಮುಖದ ಮೇಲೆ ದೊಡ್ಡ ಗಾಯದ ಗುರುತು ಉಳಿಯದಿರುವುದು ಇದರಿಂದಲೇ. ಪಟ್ಟಿಗಳನ್ನು ಸಾಮಾನ್ಯವಾಗಿ ಮತ್ತೆ ತೆಗೆಯಬೇಕಾಗಿಲ್ಲ.

ಮೊದಲ ಎರಡು ಮೂರು ದಿನ ಊತ ಏರುತ್ತದೆ, ಕನ್ನಡಿ ನೋಡಿದರೆ ನಮ್ಮ ಗುರುತು ನಮಗೇ ಸಿಗುವುದಿಲ್ಲ. ಮೇಲಿನ ಕೆಳಗಿನ ಹಲ್ಲುಗಳನ್ನು ರಬ್ಬರಿನಿಂದಲೋ ತಂತಿಯಿಂದಲೋ ಸೇರಿಸಿ ಕಟ್ಟಿರುತ್ತಾರೆ. ವಾಂತಿ ಬಂದರೆ ತಕ್ಷಣ ಕತ್ತರಿಸಲು ಕತ್ತರಿ ತಲೆದೆಸೆಯಲ್ಲೇ ಇರಬೇಕು, ಪಕ್ಕದಲ್ಲಿ ಮಲಗುವವರಿಗೆ ಎಲ್ಲಿ ಕತ್ತರಿಸಬೇಕೆಂದು ಆಸ್ಪತ್ರೆಯವರಿಂದ ಮೊದಲೇ ತೋರಿಸಿಕೊಂಡಿರಬೇಕು. ಕೆಳತುಟಿ, ಗದ್ದ ಜೋಮು ಹಿಡಿದಂತಿರುತ್ತವೆ, ಏಕೆಂದರೆ ಅವುಗಳಿಗೆ ಸ್ಪರ್ಶ ಕೊಡುವ ನರ ದವಡೆಯ ಮೂಳೆಯೊಳಗೇ ಹಾಯುತ್ತದೆ. ಕೆಲವರಿಗೆ ವಾರಗಳಲ್ಲಿ, ಕೆಲವರಿಗೆ ತಿಂಗಳುಗಳಲ್ಲಿ ಅದು ಮರಳುತ್ತದೆ. ಕೆಲವರಿಗೆ ಪೂರ್ತಿ ಮರಳುವುದೇ ಇಲ್ಲ. ನನ್ನ ಕೆಳತುಟಿಯ ಎಡ ಮೂಲೆಯಲ್ಲಿ ಬಿಸಿ ಕಾಫಿ ತಾಗಿದ್ದು ಇಂದಿಗೂ ಗೊತ್ತಾಗುವುದಿಲ್ಲ. ಇದನ್ನು ಮೊದಲೇ ಕೇಳಿ ತಿಳಿದುಕೊಂಡು ಒಪ್ಪಿಗೆಯ ಸಹಿ ಹಾಕುವುದು ನಮ್ಮ ಹಕ್ಕು.

ಊಟವೆಂದರೆ ಸೋಸಿದ ರಾಗಿ ಅಂಬಲಿ, ಬೇಳೆಕಟ್ಟು, ಮಜ್ಜಿಗೆ, ಹಾಲು. ಚಮಚಕ್ಕೂ ಬಾಯಿ ಬಿಡದ ದಿನಗಳಲ್ಲಿ ಸೂಜಿಯಿಲ್ಲದ ಸಿರಿಂಜಿನಲ್ಲಿ ಕೆನ್ನೆಯ ಸಂದಿಯಿಂದ ಕುಡಿದೆ. ಪ್ರತಿ ಸಲವೂ ಉಪ್ಪುನೀರಿನಲ್ಲಿ ಬಾಯಿ ಮುಕ್ಕಳಿಸಬೇಕು. ನನ್ನ ತೂಕ ಆರು ಕಿಲೋ ಇಳಿಯಿತು. ಮೂಳೆ ಗಟ್ಟಿಯಾಗಲು ಸುಮಾರು 6 ವಾರ ಬೇಕು. ಅಲ್ಲಿಯವರೆಗೆ ಗಟ್ಟಿ ಪದಾರ್ಥ ಕೂಡದು. ಆಮೇಲೆ ವೈದ್ಯರು ಹೇಳಿಕೊಟ್ಟಂತೆ ದಿನವೂ ಬಾಯಿ ತೆರೆಯುವ ಅಭ್ಯಾಸ.

ಆ ಆರು ವಾರ ನನ್ನನ್ನು ನೋಡಿಕೊಂಡವರು ಸಂಘದ ಹೆಂಗಸರು. ಒಬ್ಬರು ಬೆಳಿಗ್ಗೆ ಅಂಬಲಿ ತಂದರೆ ಇನ್ನೊಬ್ಬರು ಸಂಜೆ ಬೇಳೆ ಸೋಸಿ ತರುತ್ತಿದ್ದರು. ಮಾತು ನಿಂತಿದ್ದರಿಂದ ಮಗಳ ಸ್ಲೇಟಿನ ಮೇಲೆ ಬರೆದು ತೋರಿಸುತ್ತಿದ್ದೆ. ಓದಲು ಬಾರದ ಅಜ್ಜಿಯೊಬ್ಬರು ಸ್ಲೇಟು ಬದಿಗಿಟ್ಟು ಸುಮ್ಮನೆ ನನ್ನ ಕಾಲು ಒತ್ತುತ್ತಾ ಕೂರುತ್ತಿದ್ದರು. ಹಾಸಿಗೆ ಹಿಡಿದ ಗಂಡನಿಗೆ ಹೆಂಡತಿ ಇರುತ್ತಾಳೆ. ಗಂಡನ ಹೊಡೆತದಿಂದ ಹಾಸಿಗೆ ಹಿಡಿದ ಹೆಂಡತಿಗೆ ಯಾರಿದ್ದಾರೆ? ಈ ಪ್ರಶ್ನೆಗೆ ಸಂಘವೇ ಉತ್ತರವಾಗಬೇಕು.

ಆದರೆ ಗೆಳತಿಯರೇ, ಇಷ್ಟೆಲ್ಲ ಕಷ್ಟ ಬೇಕಾಗಿರಲೇ ಇಲ್ಲ. ಮುರಿದ ಮೊದಲ ದಿನಗಳಲ್ಲೇ ಗುರುತಿಸಿ ಹಲ್ಲುಗಳನ್ನು ತಂತಿಯಿಂದ 4ರಿಂದ 6 ವಾರ ಕಟ್ಟಿದ್ದರೆ, ಇಲ್ಲವೇ ಆಗಲೇ ಪಟ್ಟಿ ಹಾಕಿದ್ದರೆ, ಮೂಳೆ ನೇರವಾಗಿ ಕೂಡುತ್ತಿತ್ತು. ಗುರುತಿಸುವುದು ಕಷ್ಟವಲ್ಲ. ಹಲ್ಲುಗಳು ಮೊದಲಿನಂತೆ ಒಂದರ ಮೇಲೊಂದು ಕೂರುತ್ತಿವೆಯೇ ಎಂದು ಕೇಳಿ. ಬಾಯಿ ಪೂರ್ತಿ ತೆರೆಯಲಾಗುತ್ತದೆಯೇ, ಕೆಳತುಟಿ ಜೋಮು ಹಿಡಿದಿದೆಯೇ, ವಸಡಿನಿಂದ ರಕ್ತ ಬರುತ್ತಿದೆಯೇ ನೋಡಿ. ಇವುಗಳಲ್ಲಿ ಒಂದಿದ್ದರೂ ಇಡೀ ದವಡೆಯ ಎಕ್ಸ್‌ರೇ ತೆಗೆಯಿರಿ ಎಂದು ಒತ್ತಾಯಿಸಿ. ಬೆಂಗಳೂರು ಮತ್ತು ಬಳ್ಳಾರಿಯಲ್ಲಿ ಸರ್ಕಾರಿ ದಂತ ವೈದ್ಯಕೀಯ ಕಾಲೇಜುಗಳಿವೆ. ಬಿಪಿಎಲ್ ಕುಟುಂಬಗಳಿಗೆ 2018ರಲ್ಲಿ ಬಂದ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಡಿ ದವಡೆ ಮುರಿತದ ಚಿಕಿತ್ಸೆ ಸಿಗುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಮೊದಲೇ ಕೇಳಿ. ಸಂಘದಲ್ಲಿ ಸಾಲ ಎತ್ತುವ ಮಾತು ಆಮೇಲೆ.

ಚಿಕಿತ್ಸೆಯಷ್ಟೇ ಮುಖ್ಯವಾದದ್ದು ಚೀಟಿಯಲ್ಲಿ ಬರೆಯುವ ಒಂದು ಸಾಲು. ಮೂಳೆ ಅಥವಾ ಹಲ್ಲು ಮುರಿದರೆ ಅದು ಕಾನೂನಿನ ಕಣ್ಣಿನಲ್ಲಿ ಸಣ್ಣ ಗಾಯವಲ್ಲ, 'ತೀವ್ರ ಗಾಯ'. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 116ನೇ ಕಲಮು ಹೀಗೆಂದು ಹೇಳುತ್ತದೆ; ಅದಕ್ಕೆ ಮೊದಲಿದ್ದ ದಂಡ ಸಂಹಿತೆಯ 320ನೇ ಕಲಮೂ ಹೀಗೆಯೇ ಹೇಳುತ್ತಿತ್ತು. ಬೇಕೆಂದು ಇಂಥ ಗಾಯ ಮಾಡಿದವನಿಗೆ 7 ವರ್ಷದವರೆಗೆ ಶಿಕ್ಷೆಯಾಗಬಹುದು. ನಮಗೆಲ್ಲ ಪರಿಚಿತವಾದ 498ಎ ಈಗ ಅದೇ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. 'ಜಾರಿ ಬಿದ್ದಳು' ಎಂಬ ಎರಡು ಪದ ಬರೆದರೆ ಈ ಕಲಮುಗಳೆಲ್ಲ ಪುಸ್ತಕದಲ್ಲೇ ಉಳಿಯುತ್ತವೆ.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ರಕ್ಷಣಾ ಕಾಯ್ದೆ, 2005 ಇನ್ನೂ ಮುಂದೆ ಹೋಗುತ್ತದೆ. ಹೆಣ್ಣು ಕೇಳಿದರೆ ಆಸ್ಪತ್ರೆ ಚಿಕಿತ್ಸೆ ಕೊಡಲೇಬೇಕು. ಮೊದಲು ದೂರು ಕೊಟ್ಟು ಬಾ ಎನ್ನುವಂತಿಲ್ಲ. ವೈದ್ಯಕೀಯ ಪರೀಕ್ಷೆಯ ವರದಿಯ ಪ್ರತಿಯನ್ನು ಅವಳಿಗೆ ಉಚಿತವಾಗಿ ಕೊಡಬೇಕು. 20ನೇ ಕಲಮಿನಡಿ ಆಸ್ಪತ್ರೆಯ ಖರ್ಚನ್ನೂ, ಕೆಲಸಕ್ಕೆ ಹೋಗಲಾಗದೆ ಕಳೆದುಕೊಂಡ ಕೂಲಿಯನ್ನೂ ಹೊಡೆದವನಿಂದ ಕೊಡಿಸುವಂತೆ ಮ್ಯಾಜಿಸ್ಟ್ರೇಟರ ಮುಂದೆ ಕೇಳಬಹುದು. ದವಡೆ ಸರಿಪಡಿಸುವ ಹಣವನ್ನು ತವರಿನವರು ಇನ್ನೊಂದು ಕಂತಿನ ವರದಕ್ಷಿಣೆಯಂತೆ ಯಾಕೆ ತೆರಬೇಕು?

ಆದ್ದರಿಂದ ಸಂಘಗಳು ಮಾಡಬೇಕಾದ ಕೆಲಸ ಸ್ಪಷ್ಟವಾಗಿದೆ. ಪೆಟ್ಟು ತಿಂದ ಸದಸ್ಯೆಯನ್ನು ಗಂಡನ ಮನೆಯವರ ಜೊತೆ ಮಾತ್ರ ಆಸ್ಪತ್ರೆಗೆ ಕಳುಹಿಸಬೇಡಿ, ನಿಮ್ಮಲ್ಲಿ ಇಬ್ಬರು ಹೋಗಿ. ಅವಳನ್ನು ಒಬ್ಬಳನ್ನೇ ಮಾತಾಡಿಸಿ ಎಂದು ವೈದ್ಯರಲ್ಲಿ ಕೇಳಿ. ಅವಳಿಗೆ ಬಾಯಿ ಬಾರದಿದ್ದರೆ ಕಾಗದ, ಪೆನ್ನು ಕೊಡಿ. ಬರೆಯಲು ಬಾರದಿದ್ದರೆ ತಲೆಯಾಡಿಸಿ ಹೇಳಲಿ. ಯಾರು ಹೊಡೆದರು, ಯಾವುದರಿಂದ ಹೊಡೆದರು ಎಂಬುದು ಅವಳು ಹೇಳಿದಂತೆಯೇ ದಾಖಲಾಗಲಿ, ಎಂಎಲ್‌ಸಿ ಎಂದು ನಮೂದಾಗಲಿ. ಎಕ್ಸ್‌ರೇ, ಚೀಟಿ, ಬಿಲ್ಲುಗಳ ಒಂದು ಪ್ರತಿ ಸಂಘದ ಪೆಟ್ಟಿಗೆಯಲ್ಲಿರಲಿ, ಏಕೆಂದರೆ ಮನೆಯಲ್ಲಿಟ್ಟ ಕಾಗದಗಳು ಮೊದಲು ಒಲೆಗೆ ಹೋಗುತ್ತವೆ. ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಈ ಕಾಯ್ದೆಯಡಿ ಸಂರಕ್ಷಣಾಧಿಕಾರಿ, ಅವರ ಕಚೇರಿಗೆ ಅವಳ ಜೊತೆ ಹೋಗಿ.

ಮಹಿಳಾ ಸಹಾಯವಾಣಿ 181, ತುರ್ತು ಕರೆಗೆ 112. ಮುಂದಿನ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಈ ಪುಟವನ್ನು ಗಟ್ಟಿಯಾಗಿ ಓದಿಸಿ. ಈ ಎರಡು ಸಂಖ್ಯೆಗಳನ್ನು ಲೆಕ್ಕದ ಪುಸ್ತಕದ ಮೊದಲ ಪುಟದಲ್ಲಿ ಬರೆದಿಡಿ. ಸಭೆಗೆ ಬರುವುದನ್ನು ಒಮ್ಮೆಲೇ ನಿಲ್ಲಿಸಿದವಳು ಯಾರಾದರೂ ಇದ್ದರೆ, ಅವಳ ಮನೆಗೆ ಅದೇ ಸಂಜೆ ಹೋಗಿ ಬನ್ನಿ.