ಅಜ್ಜನ ಬಾಗಿಲು ಕೆರೆಯೋ ಮುಂಚೆ

ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯಿಂದ ಬೆಂಗಳೂರು ಸೇರಿದ ನಮ್ಮಂಥ ಐಟಿ ಮಂದಿಗೆ ಈಗೊಂದು ಹೊಸ ಹುಚ್ಚು. ಊರಿನ ತೊಟ್ಟಿ ಮನೆಯ ಬಾಗಿಲು, ಕಂಬ, ಕಿಟಕಿಗಳಿಗೆ ಅಜ್ಜನ ಕಾಲದಿಂದ ಮದುವೆಗೊಂದು ಸಲ, ಹಬ್ಬಕ್ಕೊಂದು ಸಲ ಬಳಿದ ಎಣ್ಣೆ ಬಣ್ಣವನ್ನೆಲ್ಲ ಕಿತ್ತು 'ನ್ಯಾಚುರಲ್ ವುಡ್' ತೋರಿಸಬೇಕು. ಆಮೇಲೆ ಪಾಲಿಶ್, ಆಮೇಲೆ ಇನ್‌ಸ್ಟಾಗ್ರಾಂ, ಸಾಧ್ಯವಾದರೆ ಹೋಮ್‌ಸ್ಟೇ.

ತೇಗ, ಹೊನ್ನೆ, ಹಲಸಿನ ಮರದ ಎಳೆ ಕಂಡರೆ ನನಗೂ ಖುಷಿಯೇ. ನನ್ನ ತಕರಾರು ಒಂದೇ: ಕಿತ್ತ ಬಣ್ಣ ಎಲ್ಲಿಗೆ ಹೋಗುತ್ತೆ?

ಹಳೇ ಬಣ್ಣದಲ್ಲಿ ಸೀಸ ಇರುತ್ತೆ ಸ್ವಾಮಿ. ಹಳದಿ, ಕಿತ್ತಳೆ ಬಣ್ಣಕ್ಕೆ ಲೆಡ್ ಕ್ರೋಮೇಟ್ ಬಳಸುತ್ತಿದ್ದರು. ಅದಕ್ಕೇ ನೀಲಿ ಬೆರೆಸಿದರೆ ನಮ್ಮ ಕಿಟಕಿಗಳ ಹಸಿರು. ಬೇಗ ಒಣಗಲಿ ಅಂತಲೂ ಸೀಸ ಹಾಕುತ್ತಿದ್ದರು. ಮನೆ ಬಣ್ಣದಲ್ಲಿ ಸೀಸ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದು ಅನ್ನೋ ಕಡ್ಡಾಯ ನಿಯಮ ನಮ್ಮ ದೇಶದಲ್ಲಿ ಬಂದಿದ್ದು 2016ರಲ್ಲಿ, ಜಾರಿಯಾಗಿದ್ದು 2017ರ ನವೆಂಬರ್ 1ರಿಂದ. ಅಜ್ಜನ ಬಾಗಿಲಿಗೆ ಯಾವ ನಿಯಮ ಇತ್ತು?

ಈಗ ಕೆಲಸ ನೋಡಿ. ಪೇಂಟರ್ ಅಣ್ಣ ಮೂಗಿಗೆ ಟವೆಲ್ ಸುತ್ತಿಕೊಂಡು ಗ್ರೈಂಡರ್ ಹಿಡೀತಾನೆ, ಇಲ್ಲವೇ ಬ್ಲೋ ಲ್ಯಾಂಪ್ ಹಚ್ಚುತ್ತಾನೆ. ಉಜ್ಜಿದರೆ ಸೀಸದ ಧೂಳು, ಸುಟ್ಟರೆ ಸೀಸದ ಹೊಗೆ. ಎರಡನ್ನೂ ಟವೆಲ್ ತಡೆಯಲ್ಲ. ಅವನ ಬಟ್ಟೆಗೆ ಅಂಟಿದ್ದು ಸಂಜೆ ಅವನ ಮನೆ ಸೇರುತ್ತೆ, ಅಲ್ಲಿ ಮಗು ಓಡಿ ಬಂದು ತಬ್ಕೊಳ್ಳುತ್ತೆ. ಸೀಸ ಮಕ್ಕಳ ಮೆದುಳಿನ ಬೆಳವಣಿಗೆಗೇ ಏಟು ಕೊಡುತ್ತೆ. ಇಷ್ಟಾದರೆ ಪರವಾಗಿಲ್ಲ ಅನ್ನೋ ಸುರಕ್ಷಿತ ಮಟ್ಟವೇ ಗೊತ್ತಿಲ್ಲ ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ. ನಿಮ್ಮ ರೀಲ್‌ನಲ್ಲಿ ಆ ಮಗು ಕಾಣಲ್ಲ.

'ನಾವೆಲ್ಲ ಅದೇ ಮನೇಲಿ ಬೆಳೆದು ಬಿಇ ಮಾಡ್ಲಿಲ್ವಾ?' ಅಂತೀರಿ. ಗಟ್ಟಿಯಾಗಿ ಅಂಟಿಕೊಂಡಿದ್ದ ಬಣ್ಣದ ಜೊತೆ ಬೆಳೆದ್ರಿ, ಪುಡಿ ಮಾಡಿದ ಬಣ್ಣದ ಜೊತೆ ಅಲ್ಲ. 'ಬಣ್ಣ ಬಳಿದ್ರೆ ಮರ ಉಸಿರಾಡಲ್ಲ' ಅಂತಾನೂ ಅಂತಾರೆ. ಕಡಿದು ಕಂಬ ಮಾಡಿದ ದಿನವೇ ಅದರ ಉಸಿರು ನಿಂತಿದೆ. ಮಳೆ, ಬಿಸಿಲಿನಿಂದ ಅದನ್ನ ಇಷ್ಟು ವರ್ಷ ಕಾಪಾಡಿದ್ದು ಇದೇ ಬಣ್ಣ. ಆಫೀಸಲ್ಲಿ ಹಳೇ ಕೋಡನ್ನ ಟೆಸ್ಟ್ ಇಲ್ಲದೆ ಮುಟ್ಟಬೇಡ ಅಂತ ಜೂನಿಯರ್‌ಗೆ ಪಾಠ ಹೇಳೋ ನಾವು, ಊರಿಗೆ ಹೋದ ತಕ್ಷಣ ಅದನ್ನ ಮರೆಯೋದ್ಯಾಕೆ?

ಮೊದಲು ಒಂದು ಚಕ್ಕೆ ಬಣ್ಣವನ್ನ ಲ್ಯಾಬಿಗೆ ಕೊಟ್ಟು ಸೀಸ ಇದೆಯಾ ನೋಡಿಸಿ. ಬಣ್ಣ ಗಟ್ಟಿಯಾಗಿದ್ದರೆ ತೊಳೆದು ಅದರ ಮೇಲೇ ಹೊಸದು ಬಳಿಸಿ. ಎದ್ದು ಬರ್ತಿದ್ದರೆ ನೀರು ಚಿಮುಕಿಸಿ, ಒದ್ದೆ ಇದ್ದಾಗಲೇ ಕೈಯಿಂದ ಕೆರೆಸಿ. ಗ್ರೈಂಡರ್ ಬೇಡ, ಬೆಂಕಿ ಬೇಡ. ಮಕ್ಕಳು, ಬಸುರಿಯರು ಅತ್ತ ಸುಳಿಯೋದು ಬೇಡ. ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಕೆಲಸದವರಿಗೆ ಹೆಪಾ ಫಿಲ್ಟರಿನ ಮಾಸ್ಕ್ ತಂದುಕೊಡಿ, ಪೊರಕೆ ಬಿಟ್ಟು ಒದ್ದೆ ಬಟ್ಟೆಯಲ್ಲಿ ಒರೆಸಿ. ಕೆರೆದದ್ದನ್ನ ತಿಪ್ಪೆಗೆ ಮಾತ್ರ ಸುರೀಬೇಡಿ, ಅದು ಗೊಬ್ಬರದ ಜೊತೆ ಹೊಲಕ್ಕೆ ಹೋಗುತ್ತೆ.

ಹೀಗೆ ಮಾಡಿಸಿದರೆ ಕೆಲಸ ನಿಧಾನ, ಕೂಲಿ ಜಾಸ್ತಿ. ಕೊಡಿ. ಅಷ್ಟು ಬಜೆಟ್ ಇಲ್ಲ ಅಂದ್ರೆ ಅಜ್ಜನ ಹಸಿರು ಕಿಟಕಿ ಹಸಿರಾಗೇ ಇರಲಿ ಬಿಡಿ.