ಬೇಸಿಗೆಯ ಪಾನೀಯ: ಹಸಿರು ಚಹವೂ ಹಣ್ಣಿನ ರಸವೂ

ಹೋಳಿ ಹುಣ್ಣಿಮೆ ಕಳೆದು ಯುಗಾದಿ ಸಮೀಪಿಸಿತೆಂದರೆ ಹಾವೇರಿ, ರಾಣೆಬೆನ್ನೂರು, ಬ್ಯಾಡಗಿಗಳ ಸೀಮೆಯಲ್ಲಿ ಸೂರ್ಯನ ಪ್ರತಾಪವು ಆರಂಭವಾಗುವದು. ಮಧ್ಯಾಹ್ನದಲ್ಲಿ ಬೀದಿಯು ನಿರ್ಜನವಾಗುವದು. ದೂರದಿಂದ ಬಂದವನು ಕಾಲು ತೊಳೆದು ಕಟ್ಟೆಯ ಮೇಲೆ ಕುಳಿತು ಮೊದಲು ಕೇಳುವದು ಊಟವನ್ನಲ್ಲ, ನೀರನ್ನು. ಇಂಥ ದಿನಗಳಲ್ಲಿ ಬಂದವರಿಗೂ ಮನೆಯವರಿಗೂ ಏನನ್ನು ಕುಡಿಯಲು ಕೊಡತಕ್ಕದ್ದೆಂಬದು ಅಲ್ಪ ವಿಷಯವೆಂದು ತೋರಬಹುದು. ಆದರೆ ಅದರಲ್ಲಿ ಮನೆಯ ಆರೋಗ್ಯವೂ ಹಣವೂ ಅಡಗಿರುವದರಿಂದ ಈ ತಿಂಗಳು ಅದನ್ನೇ ವಿಚಾರಕ್ಕೆ ತೆಗೆದುಕೊಂಡಿದ್ದೇನೆ.

ಇದಕ್ಕೆ ಒಂದು ನಿಮಿತ್ತವೂ ಉಂಟು. ರಾಣೆಬೆನ್ನೂರಿನ ಗೃಹಸ್ಥರೊಬ್ಬರು ಹೀಗೆ ಪ್ರಶ್ನಿಸಿರುವರು: ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಅವರ ಮಗಳು ರಜೆಗೆ ಬರುವಾಗ ಹಸಿರು ಚಹದ ಪೊಟ್ಟಣವನ್ನು ತಂದು, ಅದಕ್ಕೆ ಹಣ್ಣುಗಳನ್ನೂ ಬರ್ಫವನ್ನೂ ಸೇರಿಸಿ ಎಲ್ಲರಿಗೂ ಕೊಡತೊಡಗಿದಳಂತೆ. ಅಜ್ಜಿಯವರಾದರೋ, “ಪಾನಕ, ಮಜ್ಜಿಗೆಗಳಿರುವ ಮನೆಗೆ ಈ ಕಹಿ ನೀರು ಯಾತಕ್ಕೆ?” ಎಂದು ಆಕ್ಷೇಪಿಸಿದರಂತೆ. ಮೊಮ್ಮಗಳ ಪಕ್ಷವು ಸರಿಯೋ ಅಜ್ಜಿಯ ಪಕ್ಷವು ಸರಿಯೋ ಎಂಬದೇ ಆ ಗೃಹಸ್ಥರ ಪ್ರಶ್ನೆಯು. ತೀರ್ಪು ಕೊಡುವ ಮೊದಲು ಎರಡೂ ಪಕ್ಷಗಳ ಸ್ವರೂಪವನ್ನು ಅರಿಯೋಣ.

ಹಸಿರು ಚಹವೆಂಬದು ಬೇರೊಂದು ಗಿಡವಲ್ಲ. ನಾವು ನಿತ್ಯ ಹಾಲು ಸಕ್ಕರೆ ಹಾಕಿ ಕುಡಿಯುವ ಕಪ್ಪು ಚಹದ ಎಲೆಯೂ ಇದೂ ಒಂದೇ ಗಿಡದವು. ಕೊಯ್ದ ಎಲೆಯನ್ನು ಬಾಡಿಸಿ, ಹೊಸೆದು, ಗಾಳಿಗೆ ಬಿಟ್ಟರೆ ಅದು ಕಪ್ಪಾಗುವದು, ಕತ್ತರಿಸಿಟ್ಟ ಬದನೆಕಾಯಿಯು ಕಪ್ಪಾಗುವಂತೆ. ಕೊಯ್ದ ಕೂಡಲೆ ಎಲೆಗೆ ಹಬೆಯನ್ನಾದರೂ ಬಾಣಲೆಯ ಶಾಖವನ್ನಾದರೂ ಕೊಟ್ಟರೆ ಆ ವಿಕಾರವು ನಿಂತು ಹಸಿರು ಬಣ್ಣವು ಉಳಿಯುವದು. ನಮ್ಮ ರಾಜ್ಯದಲ್ಲಿ ಚಿಕ್ಕಮಗಳೂರು, ಕೊಡಗು, ಹಾಸನದ ಕಡೆಗೆ ಅಲ್ಪಸ್ವಲ್ಪವೂ, ನೆರೆಯ ನೀಲಗಿರಿಯಲ್ಲಿ ಹೇರಳವಾಗಿಯೂ ಚಹವು ಬೆಳೆಯುವದು. ಆದಕಾರಣ ಇದು ಪೂರ್ಣ ಪರದೇಶದ ವಸ್ತುವೆಂದು ದೂರುವದಕ್ಕೆ ಕಾರಣವಿಲ್ಲ.

ತಣ್ಣಗಿನ ಚಹವನ್ನು ಕುಡಿಯುವ ರೂಢಿಯೂ ತೀರ ಹೊಸದಲ್ಲ. ಅಮೇರಿಕೆಯಲ್ಲಿ ೧೮೭೯ರಲ್ಲಿ ಅಚ್ಚಾದ ಪಾಕಪುಸ್ತಕವೊಂದರಲ್ಲಿಯೇ ಅದರ ವಿಧಾನವಿದೆ. ೧೯೦೪ರಲ್ಲಿ ಆ ದೇಶದ ಸೇಂಟ್ ಲೂಯಿಸ್ ನಗರದ ಮಹಾಪ್ರದರ್ಶನದಲ್ಲಿ ಹಿಂದುಸ್ಥಾನದ ಚಹದ ಪ್ರಚಾರಕ್ಕೆ ನಿಂತಿದ್ದ ರಿಚರ್ಡ್ ಬ್ಲೆಚಿಂಡನ್ ಎಂಬವನು ಬಿಸಿಲಿನಲ್ಲಿ ಬಿಸಿ ಚಹವನ್ನು ಕೇಳುವವರಿಲ್ಲದ್ದರಿಂದ ಅದಕ್ಕೆ ಬರ್ಫವನ್ನು ಹಾಕಿ ಕೊಟ್ಟನೆಂದು ಹೇಳುವರು. ಆ ಮೇಲೆ ಅದರ ಕೀರ್ತಿಯು ಎಲ್ಲೆಡೆಗೆ ಹಬ್ಬಿತು.

ಇನ್ನು ಅಜ್ಜಿಯವರ ಪಕ್ಷ. ಸಂಸ್ಕೃತದಲ್ಲಿ ‘ಪಾ’ ಎಂಬ ಧಾತುವಿಗೆ ಕುಡಿಯುವದೆಂದು ಅರ್ಥ. ಪಾನಕವೆಂಬ ಶಬ್ದವು ಅದರಿಂದ ಹುಟ್ಟಿತು. ಆಶ್ಚರ್ಯವೆಂದರೆ ನಾವು ಆಡುವ ಶರಬತ್ತು ಎಂಬ ಶಬ್ದಕ್ಕೆ ಮೂಲವಾದ ಅರಬಿ ಧಾತುವಿಗೂ ಕುಡಿಯುವದೆಂದೇ ಅರ್ಥ. ಬಿಸಿಲಿನ ದೇಶದ ಜನರೆಲ್ಲ ಈ ವಿಷಯದಲ್ಲಿ ಒಂದೇ ರೀತಿಯಾಗಿ ಯೋಚಿಸಿದರೆಂದು ಕಾಣುವದು. ವಾಗ್ಭಟನು ಅಷ್ಟಾಂಗಹೃದಯದ ಋತುಚರ್ಯೆಯಲ್ಲಿ ಗ್ರೀಷ್ಮ ಋತುವಿಗೆ ಮಧುರವೂ ಲಘುವೂ ಶೀತವೂ ದ್ರವವೂ ಆದ ಆಹಾರವನ್ನು ಹೇಳಿ, ದ್ರಾಕ್ಷಿ, ಖರ್ಜೂರ ಮೊದಲಾದವುಗಳಿಂದ ಮಾಡಿದ ಪಂಚಸಾರವೆಂಬ ಪಾನಕವನ್ನು ಹೊಸ ಮಣ್ಣಿನ ಪಾತ್ರೆಯಲ್ಲಿಟ್ಟು ಕುಡಿಯಬೇಕೆಂದು ವಿಧಿಸಿರುವನು. ರಾಮನವಮಿಯ ದಿನ ನಾವು ಹಂಚುವ ಬೆಲ್ಲದ ಪಾನಕವು ಅದೇ ಮನೆತನದ್ದು. ಅದಕ್ಕೆ ಬೀಳುವ ಏಲಕ್ಕಿಗೂ ಹಾವೇರಿಗೂ ಇರುವ ಸಂಬಂಧವು ಹಳೆಯದು. ಮಲೆನಾಡಿನ ಏಲಕ್ಕಿಯನ್ನು ಹಿಂದಿನವರು ಹಾವೇರಿಗೆ ತಂದು, ತೊಳೆದು ಬಿಳುಪು ಮಾಡಿ ಮಾರುತ್ತಿದ್ದರು. ಏಲಕ್ಕಿಯ ಮಾಲೆಯಿಂದ ಆ ಊರು ಇಂದಿಗೂ ಹೆಸರಾಗಿದೆ.

ಹೀಗಿರಲು ಇವೆರಡನ್ನು ವೈರಿಗಳೆಂದು ತಿಳಿಯುವದೇಕೆ? ಹಸಿರು ಚಹವನ್ನು ಮನೆಯಲ್ಲಿ ಸರಿಯಾಗಿ ಮಾಡುವ ಬಗೆಯನ್ನು ಮೊದಲು ಹೇಳುವೆನು. ಅಜ್ಜಿಯವರು ಅದನ್ನು ಕಹಿ ನೀರೆಂದದ್ದಕ್ಕೆ ಕಾರಣವಿದ್ದೀತು. ಕಪ್ಪು ಚಹದಂತೆ ಇದನ್ನು ಒಲೆಯ ಮೇಲೆ ಕುದಿಸಿದರೆ ಎಲೆಯ ಒಗರೆಲ್ಲ ನೀರಿಗಿಳಿದು ಅದು ಕಷಾಯವಾಗುವದು.

ಮೊದಲನೆಯ ವಿಧಾನವು ಬಿಸಿನೀರಿನದು. ಅರ್ಧ ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಕೆಳಗಿಳಿಸಿ, ಮುಚ್ಚಳವಿಲ್ಲದೆ ನಾಲ್ಕೈದು ನಿಮಿಷ ಬಿಡಬೇಕು. ಆಗ ಅದು ಸುಮಾರು ೮೦ ಡಿಗ್ರಿಗೆ ಇಳಿದಿರುವದು. ಅದರಲ್ಲಿ ೮ ಗ್ರಾಂ, ಅಂದರೆ ಸಣ್ಣ ಚಮಚದಿಂದ ನಾಲ್ಕು ಚಮಚ ಎಲೆಯನ್ನು ಹಾಕಿ ಮುಚ್ಚಿ, ಮೂರು ನಿಮಿಷಕ್ಕೆ ಸರಿಯಾಗಿ ಸೋಸತಕ್ಕದ್ದು. ಎಲೆಯನ್ನು ಹಿಂಡಬಾರದು. ಬಳಿಕ ಕುದಿಸಿ ಆರಿಸಿದ ಅರ್ಧ ಲೀಟರ್ ನೀರನ್ನು ಸೇರಿಸಿದರೆ ಐದಾರು ಜನರಿಗೆ ಸಾಕಾಗುವದು.

ಎರಡನೆಯದು ತಣ್ಣೀರಿನ ವಿಧಾನ. ಶೀತಕಪಾಟು ಇದ್ದವರಿಗೆ ಇದೇ ಉತ್ತಮ. ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಅಷ್ಟೇ ಎಲೆಯನ್ನು ಹಾಕಿ, ಮುಚ್ಚಿ, ಕಪಾಟಿನಲ್ಲಿ ಆರೆಂಟು ತಾಸು ಇಟ್ಟು ಸೋಸಬೇಕು. ರಾತ್ರಿ ಇಟ್ಟರೆ ಬೆಳಿಗ್ಗೆ ಸಿದ್ಧ. ತಣ್ಣೀರಿಗೆ ಒಗರು ಮೆಲ್ಲನೆ ಇಳಿಯುವದರಿಂದ ರುಚಿಯು ಮೃದುವಾಗಿರುವದು. ಆದರೆ ತಣ್ಣೀರು ರೋಗಜಂತುಗಳನ್ನು ಕೊಲ್ಲಲಾರದು. ಆದಕಾರಣ ನೀರನ್ನು ಮೊದಲು ಕುದಿಸಿರಲೇಬೇಕು. ಪಾತ್ರೆಯನ್ನು ಬಿಸಿಲಿನಲ್ಲಿಟ್ಟು ಚಹವನ್ನು ಇಳಿಸುವ ಪದ್ಧತಿಯನ್ನು ಯಾರಾದರೂ ಹೇಳಿದರೆ ಒಪ್ಪಬೇಡಿರಿ; ಉಗುರುಬೆಚ್ಚಗಿನ ನೀರು ಜಂತುಗಳಿಗೆ ತೊಟ್ಟಿಲಿದ್ದಂತೆ. ಮಾಡಿದ ಪಾನೀಯವನ್ನು ಒಂದು ದಿನದೊಳಗೆ ಮುಗಿಸಬೇಕು.

ಶೀತಕಪಾಟು ಇಲ್ಲದವರು ಮೊದಲಿನ ವಿಧಾನದಿಂದ ಮಾಡಿ, ಪಾತ್ರೆಗೆ ಒದ್ದೆ ಅರಿವೆಯನ್ನು ಸುತ್ತಿ, ನೀರು ತುಂಬಿದ ತಟ್ಟೆಯಲ್ಲಿರಿಸಿ, ಗಾಳಿಯಾಡುವ ನೆರಳಿನಲ್ಲಿ ಇಡಲಿ. ಅರಿವೆಯ ನೀರು ಆವಿಯಾಗಿ ಹೋಗುವಾಗ ಪಾತ್ರೆಯ ಶಾಖವನ್ನು ಒಯ್ಯುವದು. ಮಣ್ಣಿನ ಗಡಿಗೆಯ ನೀರು ತಂಪಾಗುವದೂ ಇದೇ ನ್ಯಾಯದಿಂದ. ಆದರೆ ಚಹವನ್ನೇ ಗಡಿಗೆಗೆ ಹೊಯ್ಯಬಾರದು. ರಸವು ಮಣ್ಣಿನ ರಂಧ್ರಗಳಲ್ಲಿ ಸೇರಿ ಹುಳಿಯುವದು.

ಇನ್ನು ಹಣ್ಣು. ಲೀಟರಿಗೆ ಒಂದು ಲಿಂಬೆಯ ರಸವು ಎಲ್ಲಕ್ಕೂ ಮೂಲ. ಅದರ ಹುಳಿಯಿಂದ ಚಹದ ಬಣ್ಣವು ತಿಳಿಯಾಗುವದು, ಸತ್ತ್ವವೂ ಹೆಚ್ಚು ಹೊತ್ತು ಉಳಿಯುವದು. ಚೈತ್ರದಲ್ಲಿ ಮಾವಿನಕಾಯಿಯನ್ನು ಬೇಯಿಸಿ ತೆಗೆದ ತಿರುಳು, ವೈಶಾಖದಲ್ಲಿ ಮಾವಿನ ಹಣ್ಣಿನ ಹೋಳು, ಕಲ್ಲಂಗಡಿ, ದಾಳಿಂಬೆಯ ಕಾಳು, ಪೇರಲ, ದ್ರಾಕ್ಷಿ, ಶಿರಸಿಯ ಕಡೆಯಿಂದ ಬರುವ ಒಣ ಮುರುಗಲ ಸಿಪ್ಪೆ, ಇವುಗಳಲ್ಲಿ ಆಯಾ ಕಾಲಕ್ಕೆ ಅಗ್ಗವಾಗಿ ಸಿಕ್ಕದ್ದನ್ನು ಹಾಕಬಹುದು. ಪರದೇಶದ ದುಬಾರಿ ಹಣ್ಣುಗಳ ಅಗತ್ಯವಿಲ್ಲ. ಹಣ್ಣನ್ನು ಚೆನ್ನಾಗಿ ತೊಳೆದು, ಹೋಳು ಮಾಡಿ, ಸೋಸಿದ ಚಹದಲ್ಲಿ ಒಂದೆರಡು ತಾಸು ತಂಪಿನಲ್ಲಿ ನೆನೆಯಿಟ್ಟರೆ ಸಾಕು. ಬಳಿಕ ಆ ಹೋಳುಗಳನ್ನು ತಿನ್ನಲೂಬಹುದು. ನಾಲ್ಕು ಪುದೀನಾ ಎಲೆ, ತುಂಡು ಮಜ್ಜಿಗೆ ಹುಲ್ಲು, ಜಜ್ಜಿದ ಒಂದು ಏಲಕ್ಕಿ, ಇವು ಪರಿಮಳಕ್ಕೆ. ಬೇಲದ ಹಣ್ಣು ಮಾತ್ರ ಚಹಕ್ಕೆ ಕೂಡದು. ಅದರ ಗಟ್ಟಿ ತಿರುಳಿಗೆ ಬೆಲ್ಲದ ಪಾನಕವೇ ಸರಿಯಾದ ಜೊತೆ.

ಬರ್ಫದ ವಿಷಯದಲ್ಲಿ ಕಟ್ಟುನಿಟ್ಟಾಗಿರತಕ್ಕದ್ದು. ನೀರು ಹೆಪ್ಪುಗಟ್ಟಿದ ಮಾತ್ರಕ್ಕೆ ಅದರೊಳಗಿನ ಜಂತುಗಳು ಸಾಯುವದಿಲ್ಲ. ವಿಷಮಶೀತಜ್ವರದ ಬೀಜವು ಬರ್ಫದಲ್ಲಿಯೂ ಬದುಕಿರಬಲ್ಲದು. ಗೋಣಿಯಲ್ಲಿ ಸುತ್ತಿ ಮಾರುವ ದಿಮ್ಮಿ ಬರ್ಫವನ್ನು ಲೋಟಕ್ಕೆ ಹಾಕಬೇಡಿರಿ. ಮನೆಯಲ್ಲಿಯೇ ಕುದಿಸಿ ಆರಿಸಿದ ನೀರಿನಿಂದ ಮಾಡಿದರೆ ಮಾತ್ರ ಹಾಕಿರಿ. ಇಲ್ಲವಾದರೆ ಬರ್ಫವಿಲ್ಲದೆ ಕುಡಿಯಿರಿ.

ಸಕ್ಕರೆಯ ಲೆಕ್ಕವನ್ನೂ ಇಡಬೇಕು. ಅಂಗಡಿಯ ಸೀಸೆಯ ಸಿಹಿ ಪಾನೀಯದ ೩೦೦ ಮಿಲಿಲೀಟರಿನಲ್ಲಿ ಸಾಮಾನ್ಯವಾಗಿ ೩೦ ಗ್ರಾಮಿನಷ್ಟು ಸಕ್ಕರೆ ಇರುವದು. ದೊಡ್ಡವನೊಬ್ಬನಿಗೆ ದಿನಕ್ಕೆ ಹೊರಗಿನಿಂದ ಸೇರುವ ಸಕ್ಕರೆಯು ೨೫ ಗ್ರಾಂ ಮೀರದಿರುವದು ಲೇಸೆಂದು ವಿಶ್ವ ಆರೋಗ್ಯ ಸಂಸ್ಥೆಯು ೨೦೧೫ರಲ್ಲಿ ಹೇಳಿತು. ಒಂದೇ ಸೀಸೆಯಲ್ಲಿ ದಿನದ ಪಾಲು ಮುಗಿದುಹೋಯಿತು. ನಮ್ಮ ಹಣ್ಣಿನ ಚಹಕ್ಕೆ ಲೀಟರಿಗೆ ಎರಡು ಚಮಚ ಬೆಲ್ಲ ಅಥವಾ ಜೇನು ಸಾಕು. ರೂಢಿಯಾದ ಮೇಲೆ ಅದೂ ಬೇಡವಾದೀತು. ಬೆಲ್ಲವೂ ಸಕ್ಕರೆಯ ತಮ್ಮನೇ ಎಂಬದನ್ನು ಪಾನಕ ಮಾಡುವಾಗಲೂ ಮರೆಯಬಾರದು.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಬ್ಯಾಡಗಿಯ ಮೆಣಸಿನಕಾಯಿಯ ಹೆಸರು ದೇಶಾಂತರಗಳಲ್ಲಿ ಹಬ್ಬಿದೆ. ೨೦೧೧ರಲ್ಲಿ ಅದಕ್ಕೆ ಭೌಗೋಳಿಕ ಗುರುತಿನ ಮನ್ನಣೆಯೂ ದೊರೆಯಿತು. ಆ ಕೆಂಪು ರಾಶಿಗಳ ನಡುವೆ ಕುಳಿತು ತೊಟ್ಟು ಬಿಡಿಸುವವರು ಹೆಚ್ಚಾಗಿ ಹೆಣ್ಣುಮಕ್ಕಳು. ಬಿಸಿಲು, ಘಾಟು, ಧೂಳು ಇವುಗಳಲ್ಲಿ ದುಡಿಯುವವರ ಹಸಿವನ್ನು ಅಡಗಿಸುವದು ಹಲವು ಸಲ ಒಂದು ಲೋಟ ಚಹ. ರೊಟ್ಟಿ ತಿಂದ ಕೂಡಲೆ ಮತ್ತೊಂದು ಲೋಟ. ಹೊಲದಲ್ಲಿಯೂ ಮನೆಯಲ್ಲಿಯೂ ಇದೇ ರೂಢಿ. ಚಹದ ಒಗರು, ಅದು ಕಪ್ಪಿರಲಿ ಹಸಿರಿರಲಿ, ರೊಟ್ಟಿ, ಬೇಳೆ, ಸೊಪ್ಪುಗಳಲ್ಲಿಯ ಕಬ್ಬಿಣದ ಅಂಶವನ್ನು ಹಿಡಿದುಕೊಂಡು ರಕ್ತಕ್ಕೆ ಸೇರಗೊಡದು. ೨೦೧೯-೨೦ರಲ್ಲಿ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ೧೫ರಿಂದ ೪೯ ವಯಸ್ಸಿನ ಸ್ತ್ರೀಯರಲ್ಲಿ ಅರ್ಧಕ್ಕೆ ಸಮೀಪದಷ್ಟು ಜನರಿಗೆ ರಕ್ತಹೀನತೆ ಇತ್ತು. ಐದು ವರುಷದೊಳಗಿನ ಮಕ್ಕಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಸಮೀಪ. ಇದಕ್ಕೆ ಚಹವೊಂದೇ ಕಾರಣವೆಂದು ನಾನು ಹೇಳುವದಿಲ್ಲ. ಆದರೆ ಬಡಮನೆಯ ತಾಯಿಯ ತಟ್ಟೆಯಲ್ಲಿರುವ ಸ್ವಲ್ಪ ಕಬ್ಬಿಣವನ್ನೂ ನಾವೇ ಲೋಟದಿಂದ ತೊಳೆದು ಹಾಕುವದು ಯಾವ ಜಾಣತನ?

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆಯವರು ೨೦೨೪ರಲ್ಲಿ ಪ್ರಕಟಿಸಿದ ಸೂಚನೆಗಳಲ್ಲಿ ಊಟಕ್ಕೆ ಒಂದು ತಾಸು ಮೊದಲೂ ಒಂದು ತಾಸು ನಂತರವೂ ಚಹ ಕಾಫಿಗಳನ್ನು ಬಿಡಬೇಕೆಂದು ಹೇಳಿರುವರು. ಇದಕ್ಕೆ ಕಾಸು ಖರ್ಚಿಲ್ಲ. ಕೇವಲ ಗಡಿಯಾರವನ್ನು ನೋಡಬೇಕು. ಲಿಂಬೆ, ನೆಲ್ಲಿ, ಪೇರಲಗಳಾದರೋ ಕಬ್ಬಿಣವನ್ನು ದೇಹಕ್ಕೆ ಸೇರಿಸುವ ಮಿತ್ರರು. ಆದಕಾರಣ ಊಟದ ಜೊತೆಗೆ ಲಿಂಬೆಯ ಪಾನಕವು ಯೋಗ್ಯ. ಚಹವು ಮಧ್ಯಾಹ್ನದ ಮೂರು ನಾಲ್ಕು ಗಂಟೆಗೆ ಯೋಗ್ಯ. ಗರ್ಭಿಣಿಯರೂ ಕಬ್ಬಿಣದ ಗುಳಿಗೆ ನುಂಗುವವರೂ ಹಸಿರು ಚಹವನ್ನು ವೈದ್ಯರನ್ನು ಕೇಳಿಯೇ ಕುಡಿಯಬೇಕು. ಗುಳಿಗೆಯನ್ನು ಚಹದೊಡನೆ ಎಂದಿಗೂ ನುಂಗಬಾರದು. ಅದರಲ್ಲಿ ನಿದ್ರೆಗೆಡಿಸುವ ಕೆಫೀನು ಇರುವದರಿಂದ ಚಿಕ್ಕ ಮಕ್ಕಳಿಗೆ ಕೊಡಬಾರದು, ಸಂಜೆಯ ಮೇಲೆ ಯಾರಿಗೂ ಬೇಡ. ದಿನಕ್ಕೆ ಎರಡು ಲೋಟ ಸಾಕು. ಮೈ ಕರಗಿಸುವದೆಂದು ಹೇಳಿ ಮಾರುವ ಹಸಿರು ಚಹದ ಸಾರದ ಗುಳಿಗೆಗಳಂತೂ ಬೇಡವೇ ಬೇಡ. ಅತಿಯಾದ ಸಾರದಿಂದ ಯಕೃತ್ತಿಗೆ ಕೇಡಾದ ಉದಾಹರಣೆಗಳಿವೆ.

ರಾಣೆಬೆನ್ನೂರಿನ ಗೃಹಸ್ಥರಿಗೆ ನನ್ನ ಉತ್ತರವಿದು: ಮಗಳು ಹಣ್ಣಿನ ಚಹವನ್ನು ಮಾಡಲಿ, ಊಟದ ಹೊತ್ತನ್ನು ಬಿಟ್ಟು ದೊಡ್ಡವರು ಕುಡಿಯಲಿ. ಅಂಗಡಿಯ ಸೀಸೆಯನ್ನು ಅದು ಮನೆಯಿಂದ ಹೊರಗಟ್ಟಿದರೆ ಅಷ್ಟೇ ಅದರ ದೊಡ್ಡ ಉಪಕಾರ. ಮಕ್ಕಳಿಗೂ ಊಟದ ಪಂಕ್ತಿಗೂ ಅಜ್ಜಿಯವರ ಮಜ್ಜಿಗೆ ಪಾನಕಗಳೇ ಇರಲಿ. ಮನೆಗೆಲಸಕ್ಕೆ ಬರುವ ಹೆಣ್ಣುಮಗಳಿಗೆ ಬಿಸಿಲಿನಲ್ಲಿ ಬರೀ ಚಹವನ್ನು ಕೊಟ್ಟು ಕಳಿಸದೆ, ಒಂದು ರೊಟ್ಟಿಯನ್ನೂ ಒಂದು ಲೋಟ ಲಿಂಬೆಯ ಪಾನಕವನ್ನೂ ಕೊಡುವ ಪರಿಪಾಠವನ್ನು ಈ ಬೇಸಿಗೆಯಿಂದಲೇ ಆರಂಭಿಸಬೇಕೆಂದು ವಾಚಕರೆಲ್ಲರನ್ನೂ ಪ್ರಾರ್ಥಿಸುತ್ತೇನೆ.